ಐದನೇ ನಂಬರಿನ ಪ್ರೊಜೆಕ್ಟರ್

ಪೆಟ್ಟಿಗೆ ಇತ್ತು. ಪೆಟ್ಟಿಗೆಯೊಳಗೆ ಪ್ರೊಜೆಕ್ಟರ್ ಇರಲಿಲ್ಲ.

ಎತ್ತಿದ ಕೂಡಲೇ ಅಂಗಡಿಯವನಿಗೆ ಅನುಮಾನ ಬಂತು. ತೂಕವೇ ಇಲ್ಲ! ಮುಚ್ಚಳ ಬಿಚ್ಚಿದ. ಥರ್ಮಾಕೋಲು ಇದ್ದ ಹಾಗೇ ಇತ್ತು. ರಿಮೋಟ್ ಇತ್ತು. ಗ್ಯಾರಂಟಿ ಕಾರ್ಡೂ ಇತ್ತು. ನಡುವಿನ ಗುಳಿ ಮಾತ್ರ ಖಾಲಿ.

"ಮೇಡಂ, ಐದನೇದು ಎಲ್ಲಿ?"

ಟೇಪಕ್ಕ ತಿರುಗಿ ನೋಡಿದಳು. ಬುಧವಾರ ಬೆಳಿಗ್ಗೆ ಹತ್ತೂವರೆ. ಪತ್ರಿಕಾ ಕಚೇರಿಯ ಮೂರನೇ ಮಹಡಿ, ಪರೀಕ್ಷೆ ಕೋಣೆ. ಮೇಜಿನ ಮೇಲೆ ಐದು ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ನಾಲ್ಕರಲ್ಲಿ ಮಾಲು ಇತ್ತು.

ಭಾನುವಾರದ ಪುರವಣಿಯಲ್ಲಿ ಬರುವ ‘ಯಾವುದು ಕೊಳ್ಳಲಿ?’ ಅಂಕಣ ಟೇಪಕ್ಕನದು. ಓದುಗರು ಕೇಳುತ್ತಾರೆ. ಅವಳು ಅಂಗಡಿಯಿಂದ ಎರವಲು ತರಿಸಿ, ಪರೀಕ್ಷಿಸಿ, ಯಾವುದು ಒಳ್ಳೆಯದು ಯಾವುದು ದಂಡ ಎಂದು ಬರೆಯುತ್ತಾಳೆ. ಕೈಚೀಲದಲ್ಲಿ ಸದಾ ಒಂದು ಅಳತೆ ಟೇಪು. ಅದಕ್ಕೇ ಆ ಹೆಸರು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿದೆ.

ಈ ಸಲದ ವಿಷಯ, ಮನೆಯಲ್ಲಿ ಗೇಮಿಗೂ ಸಿನಿಮಾಕ್ಕೂ ಆಗುವ ಅಗ್ಗದ ಶಾರ್ಟ್ ಥ್ರೋ ಪ್ರೊಜೆಕ್ಟರ್. ಮಾಮೂಲಿ ಪ್ರೊಜೆಕ್ಟರಿಗೆ ಗೋಡೆಯಿಂದ ಹತ್ತು ಹನ್ನೆರಡು ಅಡಿ ಜಾಗ ಬೇಕು. ಶಾರ್ಟ್ ಥ್ರೋ ಮೂರಡಿಯಿಂದಲೇ ಗೋಡೆ ತುಂಬ ಚಿತ್ರ ಬಿಡುತ್ತದೆ. ಯಂತ್ರ ಗೋಡೆಯ ಪಕ್ಕದಲ್ಲೇ ಇರುವುದರಿಂದ ಕೋಣೆಯಲ್ಲಿ ಯಾರು ಓಡಾಡಿದರೂ ಚಿತ್ರದ ಮೇಲೆ ನೆರಳು ಬೀಳುವುದಿಲ್ಲ. ಪುಟ್ಟ ಮನೆ, ದೊಡ್ಡ ಆಸೆ ಇರುವವರಿಗೆ ಹೇಳಿ ಮಾಡಿಸಿದ್ದು. ಅಂಥವರು ಎಷ್ಟು ಮಂದಿ ಇದ್ದಾರೆಂದರೆ ಭಾನುವಾರದಿಂದ ಟೇಪಕ್ಕನ ಫೋನು ಸುಮ್ಮನಾಗಿರಲಿಲ್ಲ.

ಸಂಪಾದಕರು ಮೆಟ್ಟಿಲು ಹತ್ತಿ ಬಂದರು. ಮೊದಲೇ ಸಿಡುಕಿನಲ್ಲಿದ್ದರು. ಕರಡು ಮೇಷ್ಟ್ರು ಜ್ವರವೆಂದು ಸೋಮವಾರದಿಂದ ರಜೆ. ಅಚ್ಚಿಗೆ ಹೋಗುವ ಮುನ್ನ ಪುಟಗಳನ್ನು ಓದಿ ತಿದ್ದುವವರು ಅವರು. ಅವರಿಲ್ಲದ ಮೂರೇ ದಿನಕ್ಕೆ ಪತ್ರಿಕೆಯ ತುಂಬ ತಪ್ಪು ತೂರಿಕೊಂಡಿತ್ತು. ಈಗ ಇದು ಬೇರೆ.

"ಈ ಕೋಣೆ ಕೀ ಯಾರ ಹತ್ರ ಇರುತ್ತೆ?"

ಎಲ್ಲರೂ ಬಾಗಿಲ ಬಳಿ ನಿಂತಿದ್ದ ಬೀಗದಣ್ಣನ ಕಡೆ ನೋಡಿದರು. ಕಚೇರಿಯ ಅಟೆಂಡರ್. ಇಪ್ಪತ್ತೇಳು ವರ್ಷದಿಂದ ಮೂರೂ ಮಹಡಿಗಳ ಬೀಗದ ಕೈಗಳನ್ನು ಕಾಯ್ದವನು. ನಿವೃತ್ತಿಗೆ ಎಂಟು ತಿಂಗಳು ಬಾಕಿ.

"ನನ್ನ ಕುರ್ಚಿ ಹಿಂದಿನ ಮೊಳೆಗೆ ನೇತು ಹಾಕಿರ್ತೀನಿ ಸಾರ್."

"ಸದಾ ಅಲ್ಲೇ ಕೂತಿರ್ತೀರಾ?"

"ಟೀ ತರೋಕೆ ಕೆಳಗೆ ಹೋಗ್ತೀನಲ್ಲ ಸಾರ್."

"ಚೆನ್ನಾಗಿದೆ! ಕೀ ಮೊಳೆ ಮೇಲೆ, ನೀವು ಟೀ ಅಂಗಡೀಲಿ. ಸಂಜೆ ಐದು ಗಂಟೆಯೊಳಗೆ ಮಷಿನ್ ಸಿಗಲಿಲ್ಲ ಅಂದ್ರೆ ಪೊಲೀಸ್ ಕಂಪ್ಲೇಂಟು. ಮೊದಲನೇ ಹೆಸರು ನಿಮ್ದೇ ಕಣ್ರೀ. ನಾಳೆಯಿಂದ ಕೆಲಸಕ್ಕೂ ಬರೋದು ಬೇಡ."

ಬೀಗದಣ್ಣನ ಮುಖ ಬಿಳಿಚಿತು. ಕಳ್ಳತನದ ಮೇಲೆ ಕೆಲಸ ಕಳೆದುಕೊಂಡವನಿಗೆ ಪಿಂಚಣಿ ಎಲ್ಲಿಯದು?

"ಸರ್," ಟೇಪಕ್ಕ ಅಡ್ಡ ಬಂದಳು. "ಐದರವರೆಗೆ ನನಗೆ ಬಿಡಿ. ಮಷಿನ್ ತರಿಸಿದ್ದು ನಾನು."

* * *

ಬಾಗಿಲು ಮುಚ್ಚಿಕೊಂಡು ಟೇಪಕ್ಕ ಪೆಟ್ಟಿಗೆಯ ಮುಂದೆ ಕೂತಳು. ಅಂಗಡಿಯವನು ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

"ಒಂದು ಅರ್ಥ ಆಗ್ತಿಲ್ಲ ಮೇಡಂ. ಐದರಲ್ಲೂ ಡಬ್ಬಾ ಅಂದ್ರೆ ಇದೇ. ಕಳ್ಳನಿಗೆ ಕಣ್ಣಿರಲಿಲ್ವಾ?"

ಅದೇ ಪ್ರಶ್ನೆ ಅವಳ ತಲೆಯನ್ನೂ ಕೊರೆಯುತ್ತಿತ್ತು. ಒಂದನೆಯದರ ಬೆಳಕು ಪ್ರಖರ. ಹಗಲಲ್ಲೂ ನೋಡಬಹುದು. ಎರಡನೆಯದು ಗೇಮಿಗೆ ಎತ್ತಿದ ಕೈ. ಗುಂಡಿ ಒತ್ತಿದ ಕ್ಷಣವೇ ಪರದೆಯ ಮೇಲೆ ಗುಂಡು ಹಾರುತ್ತದೆ. ಮೂರನೆಯದರ ಚಿತ್ರ ಸ್ಫಟಿಕ. ನಾಲ್ಕನೆಯದರ ಸ್ಪೀಕರು ಚೆನ್ನ. ಐದನೆಯದು? ಮಂಕು ಬೆಳಕು, ಮಸುಕು ಅಕ್ಷರ, ಗೇಮಿನಲ್ಲಿ ಗುಂಡಿ ಒತ್ತಿ ಆಕಳಿಸುವಷ್ಟು ಹೊತ್ತು ಕಾಯಬೇಕು. ಪೆಟ್ಟಿಗೆಯ ಮೇಲೆ ಬರೆದದ್ದೆಲ್ಲ ಬೊಗಳೆ. ‘ಇದನ್ನು ದಯವಿಟ್ಟು ಕೊಳ್ಳಬೇಡಿ’ ಎಂದು ಅವಳೇ ಬರೆದಿದ್ದಳು. ಪತ್ರಿಕೆಯಲ್ಲಿ ಬಂದೂ ಆಗಿತ್ತು.

"ಖಾಲಿ ಪೆಟ್ಟಿಗೆ ಕೊಟ್ಟೋನು ನಾನೇ ಅಂತ ಅನುಮಾನ ಇಲ್ಲ ತಾನೇ?" ಅಂಗಡಿಯವನು ಕೇಳಿದ.

"ಶನಿವಾರ ಮಧ್ಯಾಹ್ನ ಐದೂ ಹಚ್ಚಿ ಫೋಟೊ ತೆಗೆದಿದ್ದೀನಿ. ನಿಮ್ಮದೇನಿಲ್ಲ. ಆದ್ರೆ ಶುಕ್ರವಾರ ಬರಬೇಕಾದೋರು ಬುಧವಾರವೇ ಯಾಕೆ ಬಂದ್ರಿ?"

"ಈ ಕಡೆ ಒಂದು ಡೆಲಿವರಿ ಇತ್ತು. ಹಾಗೇ ಎತ್ಕೊಂಡು ಹೋಗೋಣ ಅಂತ."

ಟೇಪಕ್ಕ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಅಂಟುಪಟ್ಟಿಯನ್ನು ಹರಿಯದೆ, ಉಗುರಿನಿಂದ ಎಬ್ಬಿಸಿ ಮತ್ತೆ ನೀಟಾಗಿ ಅಂಟಿಸಿದ್ದರು. ಮಾರುವ ಕಳ್ಳ ಪೆಟ್ಟಿಗೆ, ರಿಮೋಟ್ ಬಿಟ್ಟುಹೋಗುವುದಿಲ್ಲ. ಅವಿಲ್ಲದೆ ಅರ್ಧ ಬೆಲೆಯೂ ಹುಟ್ಟದು. ಹಾಗಾದರೆ ಬಳಸಲು ಒಯ್ದಿದ್ದಾನೆ. ಬಳಸಿ ಮರಳಿ ಇಡುವ ಆಲೋಚನೆಯೂ ಇತ್ತೇನೋ. ಶುಕ್ರವಾರದೊಳಗೆ.

ಓದುಗರು ಫೋನ್ ಮಾಡಿದಾಗ ಅವಳು ಯಂತ್ರದ ಮಾತೇ ಎತ್ತುವುದಿಲ್ಲ. ಕೋಣೆ ಎಷ್ಟು ಅಗಲ? ಏನು ನೋಡುತ್ತೀರಿ? ಯಾರ ಜೊತೆ? ಇಷ್ಟು ಗೊತ್ತಾದರೆ ಯಂತ್ರ ತಾನಾಗಿ ಹೊರಬೀಳುತ್ತದೆ. ಇವತ್ತು ಲೆಕ್ಕ ತಿರುವುಮುರುವು. ಯಂತ್ರ ಗೊತ್ತಿದೆ. ಕೋಣೆ ಯಾವುದು, ನೋಡುವವರು ಯಾರು?

ಐದನೆಯದರಿಂದ ಯಾರ ಆಸೆ ತೀರಬಹುದು?

ಅವಳು ಮೇಜಿಗೆ ಕಣ್ಣು ಹತ್ತಿರ ತಂದಳು. ವಾರದಿಂದ ಒರೆಸದ ತೆಳು ಧೂಳು. ಪ್ರೊಜೆಕ್ಟರಿನ ನಾಲ್ಕು ರಬ್ಬರ್ ಕಾಲುಗಳ ಗುರುತು ಅಲ್ಲಲ್ಲಿ ಕಾಣುತ್ತಿತ್ತು. ಮೇಜಿನ ಮೂಲೆಯಲ್ಲಿ ಮಾತ್ರ ಕಾಲಿನ ಗುರುತಿರಲಿಲ್ಲ. ಉದ್ದನೆಯ ಒಂದೇ ಗೀರು, ತೊಟ್ಟಿಲು ತೂಗಿದ ಹಾಗೆ ಅಲುಗಾಡಿ ಒರೆಸಿತ್ತು. ಗುಂಡನೆಯ ಮಗ್ಗುಲಿನ ಮೇಲೆ ಯಾವುದೋ ಯಂತ್ರವನ್ನು ನಿಲ್ಲಿಸಿದ್ದರು.

ಆ ಮೂಲೆಯ ಎದುರಿಗೆ ಖಾಲಿ ಗೋಡೆ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಗುರುತು. ಎರಡು ಗೆರೆ, ಮನೆಯ ಸೂರಿನ ಹಾಗೆ ಮೇಲೆ ಕೂಡಿದ್ದವು.

ಟೇಪು ಹೊರಗೆ ಬಂತು. ನೆಲದಿಂದ ಗುರುತಿಗೆ ಐದು ಅಡಿ ಒಂದು ಇಂಚು.

"ಏನು ಮೇಡಂ ಅದು?"

"ಗೊತ್ತಿಲ್ಲ. ಆದ್ರೆ ಸುಮ್ನೆ ಗೀಚಿದ್ದಲ್ಲ. ಅಳೆದು ಹಾಕಿದ್ದು."

* * *

ಮೊದಲ ಅನುಮಾನ ಆಟದ ಪುಟದವನ ಮೇಲೆ ಹೋಗಲೇಬೇಕಿತ್ತು. ಕ್ರೀಡಾ ವಿಭಾಗದ ಉಪಸಂಪಾದಕ, ಮೂವತ್ತರ ಗಂಡಸು. ಹೋದ ವಾರವೆಲ್ಲ ಊಟದ ಹೊತ್ತಿಗೆ ಪರೀಕ್ಷೆ ಕೋಣೆಯಲ್ಲಿ ಕೂತು ಗೋಡೆಯ ಮೇಲೆ ಕಾರು ಓಡಿಸಿದ್ದ. ಡಬ್ಬಿ ಬಿಚ್ಚುವುದನ್ನೂ ಮರೆತಿದ್ದ.

"ಅಕ್ಕಾ, ನನ್ನ ಮೇಲೆ ಅನುಮಾನಾನಾ?" ಅವನು ನಿಜವಾಗಿಯೂ ನೊಂದುಕೊಂಡ. "ಕದ್ರೆ ಎರಡನೇದು ಕದೀತೀನಿ. ಐದನೇದರಲ್ಲಿ ಗೇಮ್ ಆಡೋದೂ ಒಂದೇ, ಅಂಚೆ ಕಾರ್ಡಲ್ಲಿ ಆಡೋದೂ ಒಂದೇ."

ಮಾತು ನ್ಯಾಯವಾಗಿತ್ತು. ಟೇಪಕ್ಕ ನಕ್ಕಳು.

"ಶನಿವಾರ ನಾನು ಫೋಟೊ ತೆಗೆದ ಮೇಲೆ ಆ ಕೋಣೆಗೆ ಬೇರೆ ಯಾರಾದ್ರೂ ಬಂದಿದ್ರಾ?"

"ನಾನು ಶನಿವಾರ ಬಿಡುವೇ ಇಲ್ದೆ ಒದ್ದಾಡ್ತಿದ್ದೆ. ಕೆಲಸದ ಜೊತೆಗೆ ಎಲ್ಲರ ಚಾಕರಿ. ಒಬ್ರಿಗೆ ಫೋನಲ್ಲಿ ಜಾಗ ಇಲ್ಲ, ಇನ್ನೊಬ್ರಿಗೆ ಪಾಸ್‌ವರ್ಡ್ ಮರೆತುಹೋಗಿದೆ. ನೆಟ್ಟಗಿರೋ ವಿಡಿಯೊನ ಅಡ್ಡ ತಿರುಗಿಸಿ ಪೆನ್‌ಡ್ರೈವಿಗೆ ಹಾಕ್ಕೊಡು ಅನ್ನೋರೂ ಇದ್ದಾರೆ. ನೆಟ್ಟಗಿರೋದನ್ನ ಯಾಕೆ ಅಡ್ಡ ಮಾಡ್ತಾರೋ!"

ಅವನ ಮೇಜಿನ ಫೋನು ರಿಂಗಾಯಿತು. ಅವನು ಆ ಕಡೆ ತಿರುಗಿದ. ಟೇಪಕ್ಕ ಎದ್ದು ಬಂದಳು. ಅರ್ಧ ಮೆಟ್ಟಿಲು ಇಳಿದ ಮೇಲೆ ಆ ಕೊನೆಯ ಮಾತು ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಚುಚ್ಚಿತು. ಆದರೆ ಯಾಕೆ ಎಂದು ತಿಳಿಯಲಿಲ್ಲ.

ಕೆಳಗೆ ಬೀಗದಣ್ಣ ತನ್ನ ಕುರ್ಚಿಯಲ್ಲಿ ಕೂತಿರಲಿಲ್ಲ, ಪಕ್ಕದಲ್ಲಿ ನಿಂತಿದ್ದ. ಕೂರುವ ಹಕ್ಕು ಬೆಳಿಗ್ಗೆಯೇ ಹೋಯಿತೆಂದು ಅವನಿಗೆ ಅನ್ನಿಸಿರಬೇಕು.

"ಟೇಪಕ್ಕಾ, ಸೆಕ್ಯೂರಿಟಿಯವನು ನನ್ನ ಚೀಲ ಎರಡು ಸಲ ಬಿಚ್ಚಿಸಿದ. ಎಲ್ಲರ ಎದುರಿಗೆ. ಒಳಗೆ ಒಂದು ಟವೆಲ್ಲು, ಒಂದು ಡಬ್ಬಿ."

"ಶನಿವಾರ ಟೀಗೆ ಎಷ್ಟು ಹೊತ್ತಿಗೆ ಹೋದೆ ಅಣ್ಣ?"

"ನಾಲ್ಕಕ್ಕೆ. ಬಂದಾಗ ಕೀ ಮೊಳೆಗೇ ಇತ್ತು. ತಿರುಗಾ ಮುರುಗಾ ಇತ್ತು. ನಾನು ಹಲ್ಲು ಹೊರಗೆ ಬರೋ ಹಾಗೆ ನೇತು ಹಾಕ್ತೀನಿ. ಅದು ಒಳಗಿತ್ತು. ಗಾಳಿಗೇನೋ ಅಂದ್ಕೊಂಡೆ." ಅವನು ಮೊಳೆಯತ್ತ ನೋಡಿದ. "ಮನೇಲಿ ಇನ್ನೂ ಹೇಳಿಲ್ಲ. ಏನಂತ ಹೇಳಲಿ?"

ಗಡಿಯಾರದಲ್ಲಿ ಎರಡೂವರೆ.

* * *

ಅವಳು ಭಾನುವಾರದ ಪುರವಣಿ ಬಿಡಿಸಿ ತನ್ನ ಅಂಕಣವನ್ನು ತಾನೇ ಓದಿದಳು. ಮಾಲು ಶನಿವಾರವೇ ಹೋಗಿದ್ದರೆ ಕಳ್ಳ ಇದನ್ನು ಅಚ್ಚಾಗುವ ಮುಂಚೆಯೇ ಓದಿ ಆರಿಸಿರಬೇಕು. ಆದರೆ ಇಲ್ಲಿ ಐದನೆಯದಕ್ಕೆ ಬೈಗುಳದ ಹೊರತು ಏನೂ ಇಲ್ಲ.

ತಾನು ಬರೆದದ್ದು ಇಷ್ಟೇನಾ? ಇನ್ನೂ ಏನೋ ಇತ್ತಲ್ಲ?

ಕರಡು ಮೇಷ್ಟ್ರ ಕೋಣೆ ಖಾಲಿಯಿತ್ತು. ತಿದ್ದಿದ ಕರಡು ಹಾಳೆಗಳನ್ನು ಅವರು ವಾರವಾರವೂ ದಾರ ಕಟ್ಟಿ ಇಡುತ್ತಿದ್ದರು. ಶುಕ್ರವಾರದ ಕಟ್ಟನ್ನು ಬಿಚ್ಚಿದಳು. ಅವಳ ಅಂಕಣ ಸಿಕ್ಕಿತು. ಕೊನೆಯ ಪ್ಯಾರಾದ ಮೇಲೆ ಸಂಪಾದಕರ ಕೆಂಪು ಗೀಟು. ಜಾಹೀರಾತಿಗೆ ಜಾಗ ಬೇಕಾಗಿ ಹೊಡೆದುಹಾಕಿದ್ದರು. ಗೀಟಿನ ಕೆಳಗೆ ಅವಳದೇ ಮಾತು:

‘ಐದನೆಯದಕ್ಕೆ ಒಂದೇ ಒಂದು ಗುಣ. ದೀಪದ ಪ್ರೊಜೆಕ್ಟರುಗಳನ್ನು ಮಗ್ಗುಲಾಗಿ ನಿಲ್ಲಿಸಿದರೆ ಬಿಸಿಯೇರಿ ಕೆಡುತ್ತವೆ. ಇದೊಂದೇ ಎಲ್‌ಇಡಿ, ಕೆಡುವುದಿಲ್ಲ. ಮಗ್ಗುಲಾಗಿ ನಿಲ್ಲಿಸಿದರೆ ಚಿತ್ರವೂ ಉದ್ದಕ್ಕೆ ನಿಲ್ಲುತ್ತದೆ. ಮೂರಡಿ ದೂರದಿಂದ ಒಬ್ಬ ಮನುಷ್ಯನನ್ನು ಅವನ ಎತ್ತರಕ್ಕೇ ಗೋಡೆಯ ಮೇಲೆ ತೋರಿಸಬಹುದು. ಅದು ಯಾರಿಗೆ ಬೇಕೋ ನನಗೆ ಗೊತ್ತಿಲ್ಲ.’

ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ‘ಇರಲಿ’ ಎಂದು ಬರೆದಿತ್ತು.

ಮೇಷ್ಟ್ರ ಅಕ್ಷರ. ಸಂಪಾದಕರು ಹೊಡೆದುಹಾಕಿದ್ದನ್ನು ಉಳಿಸಿ ಎಂದು ಅವರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ. ಅದೇ ಹಾಳೆಯಲ್ಲಿ ಇನ್ನೂ ಮೇಲೆ, ಅವಳು ಒಂದು ಪದ ಬಿಟ್ಟು ಬರೆದಿದ್ದ ಕಡೆ, ಸೂರಿನಂಥ ಎರಡು ಗೆರೆಯ ಗುರುತು. ಇಲ್ಲಿ ಏನೋ ಬಿಟ್ಟುಹೋಗಿದೆ, ಸೇರಿಸಿ ಎಂದು ಅದರ ಅರ್ಥ.

ಪರೀಕ್ಷೆ ಕೋಣೆಯ ಗೋಡೆಯ ಮೇಲಿದ್ದದ್ದೂ ಇದೇ ಗುರುತು. ಟೇಪಕ್ಕ ಹಾಳೆ ಹಿಡಿದುಕೊಂಡೇ ಆಟದ ಪುಟದವನಿಗೆ ಫೋನ್ ಮಾಡಿದಳು.

"ವಿಡಿಯೊ ಅಡ್ಡ ಮಾಡಿಸ್ಕೊಂಡೋರು ಯಾರೋ?"

ಅವನು ಹೇಳಿದ. ಅವಳು ಚೀಲ ಹೆಗಲಿಗೇರಿಸಿ ಓಡಿದಳು.

* * *

ಮೂರನೇ ಸಲ ಬೆಲ್ ಒತ್ತಿದಾಗ ಕರಡು ಮೇಷ್ಟ್ರು ಬಾಗಿಲು ತೆರೆದರು. ಜ್ವರ ಬಂದವರ ಹಾಗೆ ಕಾಣಲಿಲ್ಲ. ನಿದ್ದೆ ಬಿಟ್ಟವರ ಹಾಗೆ ಕಂಡರು.

"ಬಾರಮ್ಮ," ಎಂದರು. ಯಾಕೆ ಬಂದೆ ಎಂದು ಕೇಳಲಿಲ್ಲ.

ಬಾಗಿಲಿಂದ ಅಡುಗೆಮನೆವರೆಗೆ ಉದ್ದನೆಯ ಓಣಿಯಂಥ ನಡುಮನೆ. ಅಗಲ ನಾಲ್ಕೂವರೆ ಅಡಿ ಇದ್ದರೆ ಹೆಚ್ಚು. ಟೇಪು ತೆಗೆಯಬೇಕಾಗಿರಲಿಲ್ಲ. ಕಿಟಕಿಗಳಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿ ಕತ್ತಲು ಮಾಡಿದ್ದರು. ಒಂದು ಕಡೆ ಎತ್ತರದ ಸ್ಟೂಲು. ಅದರ ಮೇಲೆ ಐದನೇ ನಂಬರು.

"ತೋರಿಸ್ತೀನಿ," ಎಂದು ಮೇಷ್ಟ್ರು ಸ್ಟೂಲಿನ ಹಿಂದೆ ಕೂತು, ಯಂತ್ರವನ್ನು ಮಗ್ಗುಲಾಗಿ ಎತ್ತಿ ಎರಡೂ ಕೈಯಿಂದ ಹಿಡಿದುಕೊಂಡರು. ಗುಂಡಿ ಒತ್ತಿದರು.

ಎದುರಿನ ಗೋಡೆಯ ಮೇಲೆ ಒಬ್ಬ ಹೆಂಗಸು ಬಂದು ನಿಂತಳು.

ತನ್ನದೇ ಎತ್ತರಕ್ಕೆ. ಪಾದ ನೆಲಕ್ಕೆ ತಾಗಿತ್ತು. ಐವತ್ತೈದರ ಸುಮಾರು. ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದವಳು ಇತ್ತ ನೋಡಿ, ನಕ್ಕು, ಏನೋ ಗದರಿ, ಮುಖ ತಿರುಗಿಸುತ್ತಾಳೆ. ಹದಿನಾಲ್ಕು ಸೆಕೆಂಡು. ಮತ್ತೆ ಮೊದಲಿನಿಂದ. ಅದೇ ಓಣಿ, ಅದೇ ಗೋಡೆ. ಎಂಟು ತಿಂಗಳ ಹಿಂದೆ ಕಚೇರಿಯವರೆಲ್ಲ ಈ ಮನೆಗೆ ಬಂದು, ಹೊರಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತು ಹೋಗಿದ್ದರು. ಟೇಪಕ್ಕನೂ ಬಂದಿದ್ದಳು.

"ಹೊಸ ಫೋನ್ ತಗೊಂಡಾಗ ತೆಗೆದಿದ್ದು. ಇದೊಂದೇ ಇರೋದು," ಎಂದರು ಮೇಷ್ಟ್ರು. "ಫೋನಲ್ಲಿ ನೋಡಿದ್ರೆ ಬೆರಳಷ್ಟಿದ್ದಾಳೆ. ಮೂವತ್ತೊಂದು ವರ್ಷ ನನ್ನ ಕಿವಿವರೆಗೆ ಬರ್ತಿದ್ದವಳು ಬೆರಳಷ್ಟಾದ್ರೆ ಹೇಗಮ್ಮ? ಒಂದು ಸಲ, ಒಂದೇ ಸಲ ಪಕ್ಕದಲ್ಲಿ ನಿಂತ್ಕೋಬೇಕು ಅನ್ನಿಸ್ತು. ನೀನು ಬರೆದಿದ್ಯಲ್ಲ, ನೆರಳು ಬೀಳಲ್ಲ ಅಂತ."

"ನಿಂತ್ಕೊಂಡ್ರಾ?"

"ಎಲ್ಲಿ! ಇದರ ಮಗ್ಗುಲು ಗುಂಡಗಿದೆ. ಕೈ ಬಿಟ್ರೆ ಉರುಳತ್ತೆ. ಪುಸ್ತಕ ಆನಿಸಿದೆ, ಒಳಗಿನ ಫ್ಯಾನು ಅದುರಿ ಜಾರತ್ತೆ. ಬಟ್ಟೆ ಬಿಗಿದು ಕಟ್ಟಿದೆ, ಗಾಳಿ ಕಿಂಡಿ ಮುಚ್ಚಿ ಆರಿಹೋಯ್ತು. ನಾನು ಹಿಡ್ಕೊಂಡಿದ್ರೆ ಅವಳು ನಿಂತಿರ್ತಾಳೆ. ಎದ್ದು ಹೋದ್ರೆ ಅವಳಿಲ್ಲ. ನಾಲ್ಕು ದಿನದಿಂದ ಹೀಗೇ."

"ಅವರ ದನಿ ಯಾಕಿಲ್ಲ?"

"ದನಿ ಕೇಳಿದ್ರೆ ಕೈ ನಡುಗತ್ತೆ. ಕೈ ನಡುಗಿದ್ರೆ ಅವಳೂ ನಡುಗ್ತಾಳೆ. ಅದಕ್ಕೇ ಮುಚ್ಚಿದ್ದೀನಿ."

ಟೇಪಕ್ಕ ಮೊಣಕಾಲೂರಿ, ಯಂತ್ರಕ್ಕೆ ಕೈ ಚಾಚಿದಳು. ಯಾವ ಪತ್ತೇದಾರಿಕೆಯೂ ಆ ಹೊತ್ತಿಗೆ ಅವಳಿಗೆ ಬೇಕಾಗಿರಲಿಲ್ಲ. "ಕೊಡಿ ಇಲ್ಲಿ. ನಾನು ಹಿಡಿತೀನಿ. ಹೋಗಿ ನಿಂತ್ಕೊಳ್ಳಿ. ಆಮೇಲೆ ಹೊರಡೋಣ. ಐದು ಗಂಟೆಗೆ ಬೀಗದಣ್ಣನ ಮೇಲೆ ಕಂಪ್ಲೇಂಟ್ ಕೊಡ್ತಾರೆ."

ಮೇಷ್ಟ್ರ ಕೈ ಯಂತ್ರದ ಮೇಲೇ ನಿಂತಿತು.

"ಯಾರ ಮೇಲೆ?"

"ಅಂಗಡಿಯವನು ಶುಕ್ರವಾರದ ಬದಲು ಇವತ್ತೇ ಬಂದ. ಕೀ ಇದ್ದಿದ್ದು ಬೀಗದಣ್ಣನ ಹತ್ರ ಅಲ್ವಾ? ಬೆಳಿಗ್ಗೆಯಿಂದ ನಿಂತೇ ಇದ್ದಾನೆ."

ಮೇಷ್ಟ್ರು ಗೋಡೆಯ ಕಡೆ ನೋಡಿದರು. ಆಕೆ ನಗುತ್ತಿದ್ದಳು. ಎರಡು ಹೆಜ್ಜೆಯೂ ಇಲ್ಲ. ಎದ್ದು ಹೋಗಿ ನಿಂತರೆ ಮುಗಿಯಿತು. ಅವರು ಗುಂಡಿ ಒತ್ತಿದರು. ಗೋಡೆ ಕತ್ತಲಾಯಿತು.

"ಹದಿನಾಲ್ಕು ಸೆಕೆಂಡು ತಾನೇ?" ಎಂದಳು ಟೇಪಕ್ಕ.

"ಬೇಡಮ್ಮ. ಒಂದು ಸಲ ಅಲ್ಲಿ ನಿಂತ್ರೆ ನಾನು ಐದು ಗಂಟೆಗೆ ಬರಲ್ಲ. ನಡಿ."

* * *

ಐದಕ್ಕೆ ಎಂಟು ನಿಮಿಷ. ಸಂಪಾದಕರ ಮೇಜಿನ ಮೇಲೆ ಟೈಪು ಮಾಡಿದ ದೂರು ಸಿದ್ಧವಿತ್ತು. ಟೇಪಕ್ಕ ಅದರ ಮೇಲೆಯೇ ಐದನೇ ನಂಬರನ್ನು ಇಟ್ಟಳು.

"ಯಾರು?" ಎಂದರು ಸಂಪಾದಕರು.

"ನಾನು," ಎಂದರು ಮೇಷ್ಟ್ರು.

ಅಂಗಡಿಯವನು ಬೆಪ್ಪಾಗಿ ನೋಡಿದ. ಬಾಗಿಲ ಬಳಿ ಬೀಗದಣ್ಣ ಕಲ್ಲಿನಂತೆ ನಿಂತಿದ್ದ.

"ಹೇಗೆ ಗೊತ್ತಾಯ್ತು ನಿಮಗೆ?" ಸಂಪಾದಕರು ಕೇಳಿದ್ದು ಟೇಪಕ್ಕನನ್ನು.

"ಕದ್ದ ಮಾಲೇ ಹೇಳ್ತು ಸರ್. ಒಳ್ಳೇ ನಾಲ್ಕು ಬಿಟ್ಟು ಕಳಪೆ ಒಂದನ್ನ ತಗೊಂಡಿದ್ದಾರೆ ಅಂದ್ರೆ, ಆ ಕಳಪೆಯಲ್ಲಿ ಮಾತ್ರ ಇರೋದು ಏನೋ ಅವರಿಗೆ ಬೇಕಾಗಿತ್ತು. ಏನದು? ಮಗ್ಗುಲಾಗಿ ನಿಲ್ಲಿಸಿದ್ರೂ ಕೆಡಲ್ಲ. ಮೇಜಿನ ಧೂಳಲ್ಲಿ ಮಗ್ಗುಲಾಗಿ ನಿಲ್ಲಿಸಿದ ಗೀರೂ ಇತ್ತು. ಆದ್ರೆ ಈ ವಿಷಯ ಪತ್ರಿಕೇಲಿ ಬರಲೇ ಇಲ್ಲ. ಶುಕ್ರವಾರ ನೀವು ಹೊಡೆದುಹಾಕಿದ್ರಿ. ಆ ಸಾಲು ಓದಿದ್ದು ಮೂರೇ ಜನ. ಬರೆದ ನಾನು, ಹೊಡೆದ ನೀವು, ಕರಡು ತಿದ್ದಿದ ಮೇಷ್ಟ್ರು."

"ನಾನೂ ಲಿಸ್ಟಲ್ಲಿ ಇದ್ದೆ ಅನ್ನಿ."

"ಐದು ನಿಮಿಷ ಇದ್ರಿ ಸರ್. ಆಮೇಲೆ ಕರಡಿನಲ್ಲಿ ಮೇಷ್ಟ್ರು ‘ಇರಲಿ’ ಅಂತ ಬರೆದಿದ್ದು ಕಣ್ಣಿಗೆ ಬಿತ್ತು. ಪರೀಕ್ಷೆ ಕೋಣೆ ಗೋಡೆ ಮೇಲೆ ಕರಡು ತಿದ್ದೋರ ಗುರುತಿತ್ತು, ನೆಲದಿಂದ ಐದು ಅಡಿ ಒಂದಿಂಚಿಗೆ. ಸಿನಿಮಾ ನೋಡೋರು, ಗೇಮ್ ಆಡೋರು ಗೋಡೇಲಿ ಅಷ್ಟು ಲೆಕ್ಕವಾಗಿ ಗುರುತು ಹಾಕಲ್ಲ. ಅದು ಯಾರೋ ಒಬ್ಬರ ಎತ್ತರ. ನೆಟ್ಟಗಿರೋ ವಿಡಿಯೊ ಅಡ್ಡ ಮಾಡಿಸಿದ್ದು ಯಂತ್ರ ಮಗ್ಗುಲಾದಾಗ ಚಿತ್ರ ನೆಟ್ಟಗಾಗಲಿ ಅಂತ. ಮಾಡಿಕೊಟ್ಟೋನನ್ನ ಕೇಳಿದೆ. ಹೆಸರು ಹೇಳಿದ. ಇಷ್ಟೇ."

ಉಳಿದದ್ದನ್ನು ಮೇಷ್ಟ್ರೇ ಹೇಳಿದರು. ಶನಿವಾರ ಗುಟ್ಟಾಗಿ ಹಚ್ಚಿ ನೋಡಿದ್ದು. ನಾಲ್ಕು ಗಂಟೆಗೆ ಕೀ ತೆಗೆದದ್ದು. ಊಟದ ಚೀಲದಲ್ಲಿ ಒಯ್ದದ್ದು. ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತಂದಿಡಬೇಕೆಂದುಕೊಂಡದ್ದು.

"ಕೇಳಿದ್ರೆ ಕೊಡ್ತಿರಲಿಲ್ವೇನ್ರೀ?" ಸಂಪಾದಕರು ಸಿಡುಕಿದರು. ದನಿಯಲ್ಲಿ ಬೆಳಗಿನ ಖಾರ ಇರಲಿಲ್ಲ.

"ಏನಂತ ಕೇಳಲಿ ಸರ್?" ಮೇಷ್ಟ್ರು ತಲೆ ಎತ್ತಿದರು. "ಹೆಂಡತಿ ಪಕ್ಕದಲ್ಲಿ ನಿಂತ್ಕೋಬೇಕು, ಒಂದು ಮಷಿನ್ ಕೊಡಿ ಅಂತಾನಾ?"

ಮೇಷ್ಟ್ರು ಬಾಗಿಲ ಕಡೆ ತಿರುಗಿದರು.

"ತಪ್ಪಾಯ್ತು ಕಣಪ್ಪ. ನಿನ್ನ ಕುತ್ತಿಗೆಗೆ ಬರತ್ತೆ ಅಂತ ನನಗೆ ಹೊಳೀಲೇ ಇಲ್ಲ."

"ಎರಡು ಸಲ ಚೀಲ ಬಿಚ್ಚಿಸಿದ್ರು ಮೇಷ್ಟ್ರೇ," ಎಂದ ಬೀಗದಣ್ಣ. ಅಷ್ಟೇ ಹೇಳಿ ಹೊರಗೆ ಹೋದ.

ಸಂಪಾದಕರು ದೂರಿನ ಹಾಳೆಯನ್ನು ಯಂತ್ರದ ಕೆಳಗಿಂದ ಎಳೆದು ಹರಿದರು. ಮೇಷ್ಟ್ರಿಗೆ ಹದಿನೈದು ದಿನ ಅಮಾನತು. ಎಲ್ಲರ ಎದುರಿಗೆ ಬೀಗದಣ್ಣನ ಕ್ಷಮೆ ಕೇಳಿ ಬರಹದಲ್ಲೂ ಕೊಡಬೇಕು. ಮೇಷ್ಟ್ರು ಎರಡಕ್ಕೂ ತಲೆಯಾಡಿಸಿದರು.

ಅಂಗಡಿಯವನು ಕೆಮ್ಮಿದ. "ಸಾರ್, ಕರಾರಿನ ಪ್ರಕಾರ ಇದು ಶುಕ್ರವಾರದವರೆಗೆ ನಿಮ್ಮ ಹತ್ರಾನೇ ಇರಬೇಕು. ನಾನು ಅವಸರ ಮಾಡಿದ್ದು. ಆವತ್ತೇ ಬಂದು ತಗೊಂಡು ಹೋಗ್ತೀನಿ."

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಅಲ್ಲಿವರೆಗೆ ಮಷಿನ್ ಎಲ್ಲಿದ್ರೂ ಅಟೆಂಡರ್ ಜೊತೆಗಿರಬೇಕು. ಅವನ ಕಣ್ಣಿಗೆ ಮರೆಯಾಗಕೂಡದು," ಎಂದು ಗೊಣಗಿ ಎದ್ದು ಹೋದರು.

* * *

ಗುರುವಾರ ಸಂಜೆ ಆರೂವರೆ. ಅದೇ ಓಣಿಯಂಥ ನಡುಮನೆ.

ಬೀಗದಣ್ಣ ಗೋಡೆಗೆ ಬೆನ್ನು ಕೊಟ್ಟು ಗಂಟಿಕ್ಕಿದ ಮುಖದಲ್ಲಿ ಕೂತಿದ್ದ. ಆಫೀಸಿನ ಮಾತು, ಬಂದಿದ್ದಾನೆ. ಮೇಷ್ಟ್ರು ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ. ಟೇಪಕ್ಕ ಸ್ಟೂಲಿನ ಎತ್ತರ ಅಳೆದಳು, ಕೋನ ನೋಡಿದಳು, ಒಂದು ಇಂಚು ಹಿಂದೆ ಸರಿಸಿದಳು. ಯಂತ್ರ ಹಿಡಿದಳು. ಆದರೆ ಅವಳ ಕೈ ಸಣ್ಣದು. ಚಿತ್ರ ಓಲಾಡಿತು. ಗೋಡೆಯ ಮೇಲಿನ ಹೆಂಗಸು ದೋಣಿಯಲ್ಲಿ ನಿಂತವಳ ಹಾಗೆ ತೂಗಿದಳು.

ಮೇಷ್ಟ್ರು ಅರ್ಧ ದಾರಿಗೆ ಹೋದವರು ನಿಂತರು. "ಬಿಡಮ್ಮ. ಆಗಲ್ಲ."

ಬೀಗದಣ್ಣ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಟೇಪಕ್ಕನ ಕೈಯಿಂದ ಯಂತ್ರ ತೆಗೆದುಕೊಂಡು ಸ್ಟೂಲಿನ ಹಿಂದೆ ಕೂತ. ಮೊಣಕೈ ಎರಡನ್ನೂ ಮಂಡಿಗೆ ಊರಿದ. ಇಪ್ಪತ್ತೇಳು ವರ್ಷ ಭಾರ ಹೊತ್ತ ಕೈಗಳು. ಚಿತ್ರ ಸ್ಥಿರವಾಯಿತು.

"ಹೋಗಿ ಮೇಷ್ಟ್ರೇ," ಎಂದ.

ಟೇಪಕ್ಕ ವಿಡಿಯೊದ ದನಿ ಹೆಚ್ಚಿಸಿದಳು.

ಮೇಷ್ಟ್ರು ನಡೆದರು. ಗೋಡೆಗೆ ಬೆನ್ನು ಹಾಕಿ, ಆಕೆಯ ಎಡಗಡೆ ನಿಂತರು. ನೆರಳು ಬೀಳಲಿಲ್ಲ. ಆಕೆಯ ತಲೆ ಅವರ ಕಿವಿಗೆ ಸರಿಯಾಗಿ ಬಂತು. ಅವರು ಪಕ್ಕಕ್ಕೆ ತಿರುಗಿ ನೋಡಲಿಲ್ಲ, ನೋಡಲು ಧೈರ್ಯ ಸಾಲಲಿಲ್ಲ. ಫೋಟೊಗೆ ನಿಂತವರ ಹಾಗೆ ನೆಟ್ಟಗೆ ಎದುರಿಗೆ ನೋಡುತ್ತ ನಿಂತರು. ಆಕೆ ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಂಡು, ಇತ್ತ ನೋಡಿ ನಕ್ಕಳು.

"ಅಯ್ಯೋ, ಇನ್ನೂ ಹಿಡ್ಕೊಂಡೇ ಇದ್ದೀರಾ? ಕೈ ನೋಯಲ್ವಾ?"

"ಇಲ್ಲ ಅಕ್ಕಾ," ಎಂದುಬಿಟ್ಟ ಬೀಗದಣ್ಣ. "ನೋಯಲ್ಲ."

ಆಕೆ ಕೇಳಿದ್ದು ಅಂದು ಫೋನ್ ಹಿಡಿದಿದ್ದ ಗಂಡನನ್ನು ಎಂದು ಹೇಳಿದ ಮೇಲೆ ಅವನಿಗೇ ಅರಿವಾಯಿತು. ನಾಲಿಗೆ ಕಚ್ಚಿಕೊಂಡ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗೋಡೆಯ ಹತ್ತಿರ ಮೇಷ್ಟ್ರು ಎಂಟು ತಿಂಗಳಲ್ಲಿ ಮೊದಲ ಸಲ ದನಿ ತೆಗೆದು ಅತ್ತರು. ವಿಡಿಯೊ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಬೀಗದಣ್ಣ ಅಲುಗದೆ ಮುಕ್ಕಾಲು ಗಂಟೆ ಹಿಡಿದುಕೊಂಡೇ ಕೂತಿದ್ದ.